ತಂಬೂರಿ ತೆಗೆದಾಗ ಕೇಳಿಸಿದ ಶ್ರುತಿ

ಮೋಹನ ರಾಗವೆಂದು ನಾನು ಸಿದ್ಧಪಡಿಸಿದ್ದ ಸ್ವರಗಳನ್ನು ಕೇಳಿದ ವೀಣೆಯ ಹಿರಿಯ ಶಿಕ್ಷಕಿಯೊಬ್ಬರು, "ಶುದ್ಧ ಸಾವೇರಿಯನ್ನು ಹೀಗೆ ಬಿಡಿಬಿಡಿಯಾಗಿ ಯಾಕೆ ನುಡಿಸಿದ್ದೀರಪ್ಪ?" ಎಂದು ಕೇಳಿದರು. ಸಂಗೀತದ ಗ್ರಹಿಕೆ ಮತ್ತು ನೆನಪನ್ನು ಅಧ್ಯಯನ ಮಾಡುವ ಕೆಲಸಕ್ಕೆ ನಾನು ಸೇರಿದ ಮೊದಲ ವರ್ಷ ಅದು. ಅವರು ರಾಗದ ಆಧಾರಸ್ವರವಾದ ನನ್ನ ಷಡ್ಜಕ್ಕೆ ಏಳರಲ್ಲಿ 4 ಅಂಕವನ್ನೂ ಪಂಚಮಕ್ಕೆ 7 ಅಂಕವನ್ನೂ ಕೊಟ್ಟಿದ್ದರು.

ನಾವು ಬಳಸುತ್ತಿದ್ದುದು ಮನೋವಿಜ್ಞಾನಿಗಳಾದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ರೋಜರ್ ಶೆಪರ್ಡ್ 1979ರಲ್ಲಿ ಪ್ರಕಟಿಸಿದ ವಿಧಾನ. ಮೊದಲು ಒಂದು ಸ್ವರಸಮೂಹವನ್ನು ಕೇಳಿಸಿ, ಆಮೇಲೆ ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದನ್ನು ನುಡಿಸಿ, ಅದು ಹಿಂದೆ ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ ಎಂಬುದಕ್ಕೆ 1ರಿಂದ 7ರವರೆಗೆ ಅಂಕ ಕೊಡಿಸಲಾಗುತ್ತದೆ. 1984ರಲ್ಲಿ ಕ್ರುಮ್‌ಹಾನ್ಸಲ್ ಮತ್ತು ಸಂಗಡಿಗರು ಇದನ್ನೇ ಹಿಂದೂಸ್ತಾನಿ ರಾಗಗಳಿಗೆ ಅನ್ವಯಿಸಿದಾಗ, ಷಡ್ಜ ಪಂಚಮಗಳಿಗೇ ಹೆಚ್ಚಿನ ಅಂಕ ಬಂದಿತ್ತು. ಕರ್ನಾಟಕ ಸಂಗೀತದ ಕೇಳುಗರಲ್ಲಿ ಇದನ್ನು ಪರೀಕ್ಷಿಸಬೇಕೆಂದು ಹೊರಟ ನಾನು, ಯಾವ ಸ್ವರಕ್ಕೂ ಹೆಚ್ಚಿನ ಅನುಕೂಲ ಸಿಗಬಾರದೆಂದು ಐದೂ ಸ್ವರಗಳನ್ನು ಸಮಾನ ಬಾರಿ, ಸಮಾನ ಅವಧಿಗೆ, ಹಿಂದುಮುಂದಾಗಿ ಜೋಡಿಸಿದೆ. ಷಡ್ಜ ಯಾವುದೆಂದು ಸದಾ ಮೊಳಗಿಸಿ ತೋರುವ ತಂಬೂರಿಯನ್ನೂ ಹೆಚ್ಚುವರಿ ನಾದವೆಂದು ತೆಗೆದುಹಾಕಿದೆ.

ಅಲ್ಲಿಯೇ ತಪ್ಪಿದ್ದು. ಮೋಹನದ ಐದು ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ರಿಷಭವನ್ನು ಷಡ್ಜವೆಂದು ಹಿಡಿದರೆ ಮಧ್ಯಮಾವತಿ, ಗಾಂಧಾರವನ್ನು ಹಿಡಿದರೆ ಹಿಂದೋಳ, ಪಂಚಮವನ್ನು ಹಿಡಿದರೆ ಶುದ್ಧ ಸಾವೇರಿ, ಧೈವತವನ್ನು ಹಿಡಿದರೆ ಶುದ್ಧ ಧನ್ಯಾಸಿ. ಷಡ್ಜವನ್ನು ಬದಲಿಸಿದರೆ ರಾಗವೇ ಬದಲಾಗುವ ಗ್ರಹಭೇದದ ಈ ಪಾಠವನ್ನು ನಾನೂ ಕಲಿತವನೇ. ಆದರೆ ಆ ಧ್ವನಿಗಳನ್ನು ವಾರಗಟ್ಟಲೆ ಜೋಡಿಸುತ್ತ ಕುಳಿತಿದ್ದವನ ಕಿವಿಯಲ್ಲಿ ಷಡ್ಜ ಆಗಲೇ ನೆಲೆಯೂರಿತ್ತು; ಹಾಗಾಗಿ ನನಗೆ ಅದು ಮೋಹನವಲ್ಲದೆ ಬೇರೇನಾಗಿಯೂ ಕೇಳಿಸಲಿಲ್ಲ.

ಪಂಚಮವನ್ನೇ ಷಡ್ಜವೆಂದು ಹಿಡಿದದ್ದೇಕೆ ಎಂದು ನಾನು ವಿಚಾರಿಸಿದಾಗ ಅವರಿಗೆ ಆಶ್ಚರ್ಯವಾಯಿತು. "ಶ್ರುತಿ ಹಾಕಿದ್ದೀರಲ್ಲಪ್ಪ" ಎಂದು ಮೆಲ್ಲಗೆ ಒಂದು ಸ್ವರವನ್ನು ಗುನುಗಿ, ಎಡಗಡೆಯ ಗೋಡೆಯತ್ತ ಕೈ ತೋರಿಸಿದರು. ಗೋಡೆಯ ಆಚೆಗೆ ಟ್ರಾನ್ಸ್‌ಫಾರ್ಮರ್ ಇತ್ತು. ನಮ್ಮ ವಿದ್ಯುತ್ತಿಗೆ ಸೆಕೆಂಡಿಗೆ 50 ಆವರ್ತನ, ಅಂದರೆ 50 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಪ್ರತಿ ಆವರ್ತನಕ್ಕೆ ಎರಡು ಬಾರಿ ಹಿಗ್ಗಿ ಕುಗ್ಗುವುದರಿಂದ ಅದರ ಗುಂಯ್‌ಗುಡುವಿಕೆ 100 ಹರ್ಟ್ಸ್. ನಾನು ಆರಿಸಿಕೊಂಡಿದ್ದ, 'ಒಂದು ಮನೆ' ಎಂದು ಕರೆಯುವ ಶ್ರುತಿಯಲ್ಲಿ ಮಂದ್ರ (ಕೆಳಸ್ಥಾಯಿಯ) ಪಂಚಮ ಸುಮಾರು 98 ಹರ್ಟ್ಸ್. ನಾನು ಬರಿದುಮಾಡಿಟ್ಟ ಜಾಗದಲ್ಲಿ ಆ ಗೋಡೆಯೇ ತಂಬೂರಿಯಾಗಿ ಕುಳಿತಿತ್ತು.

ಕೋಣೆಯ ನಿಶ್ಶಬ್ದತೆಯನ್ನು ನಾವು ಅಳೆಯದೆ ಇರಲಿಲ್ಲ. ಆದರೆ ಮಾಪಕವನ್ನು ಎಲ್ಲರೂ ಇಡುವಂತೆ, ತಗ್ಗು ನಾದಗಳನ್ನು ಕಡಿಮೆ ಮಾಡಿ ಎಣಿಸುವ 'ಡಿಬಿಎ' ಮಾನದಲ್ಲಿ ಇಟ್ಟಿದ್ದೆವು. ಆ ಮಾನದಲ್ಲಿ 100 ಹರ್ಟ್ಸ್‌ನ ನಾದಕ್ಕೆ ಸುಮಾರು 19 ಡೆಸಿಬಲ್ ಕಡಿತವಾಗುತ್ತದೆ. ಮಾಪಕ ಮರೆಸಿದ್ದನ್ನು ಶ್ರುತಿಗಾಗಿ ಕಾದಿದ್ದ ಕಿವಿ ಹುಡುಕಿಕೊಂಡಿತ್ತು.

ಎರಡು ವಾರ ಸಂಗ್ರಹಿಸಿದ ಉತ್ತರಗಳನ್ನೆಲ್ಲ ಕೈಬಿಟ್ಟೆ. ನೋವಾಯಿತು, ಆದರೆ ಯಾರು ಯಾವ ಷಡ್ಜವನ್ನು ಹಿಡಿದು ಅಂಕ ಕೊಟ್ಟರು ಎಂದು ತಿಳಿಯದ ಮೇಲೆ ಆ ಅಂಕಗಳನ್ನು ಸೇರಿಸಿ ಸರಾಸರಿ ತೆಗೆಯುವುದು ಪ್ರಾಮಾಣಿಕವೆನಿಸಲಿಲ್ಲ. ಈಗ ಪ್ರಯೋಗದುದ್ದಕ್ಕೂ ತಂಬೂರಿ ಇರುತ್ತದೆ. ಪ್ರತಿ ಸುತ್ತಿನ ಕೊನೆಗೆ, ಎಲ್ಲಿ ನಿಂತರೆ ಮನಸ್ಸಿಗೆ ನೆಮ್ಮದಿಯೋ ಆ ಸ್ವರವನ್ನು ಗುನುಗುವಂತೆ ಕೇಳುಗರನ್ನು ಕೋರಿ, ಅದನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ. ಯಾವುದೇ ಹೊಸ ಕೋಣೆಯಲ್ಲಿ ಮಾಪಕವನ್ನು ಹೊರತೆಗೆಯುವ ಮುನ್ನ ಐದು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ.

ಅದೇ ಶಿಕ್ಷಕಿ ಮುಂದಿನ ತಿಂಗಳು ಮತ್ತೆ ಬಂದು, ಅದೇ ಸ್ವರಗಳನ್ನು ತಂಬೂರಿಯೊಂದಿಗೆ ಕೇಳಿದರು. "ಈಗ ಮೋಹನವೇ. ಆದರೆ ಗಾಂಧಾರಕ್ಕೆ ಗಮಕವೇ ಇಲ್ಲವಲ್ಲಪ್ಪ" ಎಂದರು. ಆ ಗಾಂಧಾರಕ್ಕೆ ಗಮಕದ ತೂಗಾಟ ತರುವ ಕೆಲಸ ಈಗ ನಡೆಯುತ್ತಿದೆ.