ಮುತ್ಯಾ ಯಾಕ ಕಂಪ್ಯೂಟರ್ ಒಡೀಲಿಲ್ಲ?

ಮೊನ್ನೆ ಮಗಳು ಶಾಲೆಯಿಂದ ಬಂದವಳೇ ಯಂತ್ರ ಒಡೆದ ಲಡ್ಡೈಟರ ಕಥೆ ಶುರು ಮಾಡಿದಳು. ನಾವಿರುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತಲೇ 1811ರಲ್ಲಿ ಕಾಲುಚೀಲ ನೇಯುವವರು ರಾತ್ರಿ ಸುತ್ತಿಗೆ ಹಿಡಿದು ಹೋಗಿ ಯಂತ್ರಗಳನ್ನು ಒಡೆದಿದ್ದರು. ಮರುವರ್ಷವೇ, ಯಂತ್ರ ಒಡೆದರೆ ಗಲ್ಲು ಎಂಬ ಕಾನೂನು ಬಂತು. ಇಷ್ಟು ಹೇಳಿ ಅವಳು ಗೋಡೆಯ ಮೇಲಿನ ಫೋಟೊ ನೋಡಿದಳು. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಮಹಡಿ ಮೇಲಿದ್ದ ನನ್ನ ಅಪ್ಪನ, ಅಂದರೆ ಅವಳ ಮುತ್ಯಾನ (ಅಜ್ಜನ), ಟೈಪಿಂಗ್ ಕ್ಲಾಸು.

"ಮತ್ತ ಮುತ್ಯಾ ಯಾಕ ಕಂಪ್ಯೂಟರ್ ಒಡೀಲಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ.

ಅಲ್ಲಿ ಹನ್ನೆರಡು ಮಿಷನ್ ಇದ್ದವು. ಬೆಳಿಗ್ಗೆ ಆರಕ್ಕೇ ಟಕಟಕ ಶುರು. ಆಳಂದ, ಚಿತ್ತಾಪುರದ ಕಡೆಯ ಹುಡುಗರು ಮೊದಲ ಬಸ್ಸಿಗೆ ಬರುತ್ತಿದ್ದರು. ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದರೆ ಗುಮಾಸ್ತನ ನೌಕರಿ ಸಿಗುತ್ತದೆ ಅನ್ನೋ ಆಸೆ. ಆಮೇಲೆ ಎದುರಿಗೇ ಕಂಪ್ಯೂಟರ್ ಸೆಂಟರ್ ಬಂತು. ಮೂರೇ ವರ್ಷ. ಹನ್ನೊಂದು ಮಿಷನ್ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಅಪ್ಪ ಗಂಜಿನ (ಕಾಳಿನ ಮಾರುಕಟ್ಟೆಯ) ಅಡತಿ ಅಂಗಡಿಯಲ್ಲಿ ತೊಗರಿ ಚೀಲದ ಲೆಕ್ಕ ಬರೆಯಲು ಕೂತರು. ಆಗ ಅವರಿಗೆ ಐವತ್ತೆರಡು.

ಲಡ್ಡೈಟರನ್ನು ಯಂತ್ರದ ವೈರಿಗಳು ಅಂತ ಸುಮ್ನೆ ಬೈಯುತ್ತಾರೆ. ಅವರ ಸಿಟ್ಟು ಕೂಲಿ ಇಳಿಸಿ, ಕಳಪೆ ಮಾಲು ಮಾಡಿಸುತ್ತಿದ್ದ ಧಣಿಗಳ ಮೇಲೆ ಜಾಸ್ತಿ ಇತ್ತು.

ನಮ್ಮ ಆಫೀಸಿನಲ್ಲೂ ಈಗ ಎಐ ಕೋಡ್ ಬರೆಯುತ್ತಿದೆ. ಹೋದ ತಿಂಗಳು ನಮ್ಮ ತಂಡದ ಇಬ್ಬರನ್ನು ಮನೆಗೆ ಕಳಿಸಿದರು. ಊರಿನ ತಮ್ಮಂದಿರು ಫೋನ್ ಮಾಡಿ "ಅಣ್ಣಾ, ನಮಗ ಕೆಲಸ ಉಳೀತದೇನು?" ಅಂತ ಕೇಳಿದಾಗೆಲ್ಲ "ಹೊಸದು ಕಲೀರಿ" ಅಂದುಬಿಡುತ್ತಿದ್ದೆ. ಕಲಿಯುವಷ್ಟು ದಿನ ಮನೆ ನಡೆಸುವವರು ಯಾರು? ಅಪ್ಪನಿಗೆ ಯಾರೂ ಬಾ, ಕಲಿಸುತ್ತೇವೆ ಅನ್ನಲಿಲ್ಲ. ನನಗೆ ಹೆದರಿಕೆ ಇರುವುದು ಇದಕ್ಕೇ. ಲಾಭ ಮಾಡಿಕೊಳ್ಳುವ ಕಂಪನಿಗಳು ಕಲಿಯುವವರ ಸಂಬಳವನ್ನೂ ಹೊರಬೇಕು, ಅಲ್ವಾ?

ಭಾನುವಾರ ವಿಡಿಯೊ ಕಾಲ್‌ನಲ್ಲಿ ಮಗಳು ಮುತ್ಯಾನನ್ನೇ ಕೇಳಿದಳು. ಅಪ್ಪ ನಕ್ಕರು.

"ನಿಮ್ಮಪ್ಪಗ ಅದೇ ಕಲೀಲಾಕ ಹಚ್ಚಿದ್ದೆನವ್ವ. ಹ್ಯಾಂಗ ಒಡೀಲಿ?"

ಆಮೇಲೆ ಉಳಿಸಿಕೊಂಡ ಒಂದು ಮಿಷನ್ನಿನ ಬಟ್ಟೆ ಸರಿಸಿ ಅವಳ ಹೆಸರು ಟೈಪ್ ಮಾಡಿ ತೋರಿಸಿದರು. ಅವಳು ಆಡಲು ಹೋದಳು.

"ನಿನ್ನ ಕೆಲಸ ಹ್ಯಾಂಗದಪ?" ಅಂದರು.

ಟೈಪಿಂಗ್ ಕ್ಲಾಸು ಮುಚ್ಚಿದ ದಿನ ನಾನು ಅವರನ್ನು ಏನೂ ಕೇಳಿರಲಿಲ್ಲ.

"ಹೆದರಿಕಿ ಅದ, ಅಪ್ಪಾ" ಅಂದೆ.