ಕೆ. ಸು. ಅಂತ ಶುರುವಾಗುವ ಎರಡು ಹೆಸರು

ವೋಟು ತಪ್ಪಿ ಒತ್ತಿದವರನ್ನು ನೋಡಿ ನಗುವುದು ನಮ್ಮ ಕಡೆ ಒಂದು ಚಾಳಿ. "ಅಷ್ಟೂ ಗೊತ್ತಾಗಲ್ವಾ" ಅಂತ. ನನಗೆ ಅದು ಸರಿ ಕಾಣುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಬಿಜೆಪಿಯ ಕೆ. ಸುರೇಂದ್ರನ್ ಎದುರು ಗೆದ್ದದ್ದು ಬರೀ 89 ವೋಟಿನಲ್ಲಿ. ಅದೇ ಪಟ್ಟಿಯಲ್ಲಿ ಬಿಎಸ್‌ಪಿಯಿಂದ ಕೆ. ಸುಂದರ ಇದ್ದರು, ಅವರಿಗೆ ಬಿದ್ದದ್ದು 467. ಇದರಲ್ಲಿ ಎಷ್ಟು ಮಂದಿ ತಪ್ಪಿ ಒತ್ತಿದರು ಅಂತ ಯಾರೂ ಹೇಳಲಾರರು. ಎಲ್ಲರೂ ಬೇಕಂತಲೇ ಹಾಕಿರಲೂಬಹುದು. ಆದರೂ ಎರಡೂ ಹೆಸರು "ಕೆ. ಸು" ಅಂತ ಶುರುವಾದರೆ ಕನ್ನಡಕ ಮನೆಯಲ್ಲಿ ಮರೆತು ಬಂದ ಅಜ್ಜನ ಗತಿ ಏನು?

ದೊಡ್ಡ ಅಭ್ಯರ್ಥಿಯ ಹೆಸರೇ ಇರುವ ಇನ್ನೊಬ್ಬರನ್ನು ನಿಲ್ಲಿಸಿದರೆ ಕೇರಳದಲ್ಲಿ ಅವರನ್ನು "ಅಪರನ್" ಅಂತಾರೆ. ಆಲಪ್ಪುಳದಲ್ಲಿ 2004ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1009 ವೋಟಿಗೆ, ಅಲ್ಲಿದ್ದ ಇನ್ನೊಬ್ಬ ಸುಧೀರನ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿದ್ದಿತ್ತು. ಇಂಥದ್ದನ್ನು ತಡೆಯಿರಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೂ ಹೋದರು. ಅಪ್ಪ ಅಮ್ಮ ಇಟ್ಟ ಹೆಸರಿಗೆ ನಾವೇನು ಮಾಡುವುದು ಅನ್ನುವ ಧಾಟಿಯಲ್ಲಿ ಕೋರ್ಟು 2024ರಲ್ಲಿ ಕೈಬಿಟ್ಟಿತು. ಅದೂ ನ್ಯಾಯವೇ, ಅಲ್ವಾ. ಹೆಸರು ಒಂದೇ ಆದರೆ ಉದ್ಯೋಗವನ್ನೋ ಊರನ್ನೋ ಸೇರಿಸಿ ಬರೆಯಬೇಕೆಂಬ ನಿಯಮ ಇದೆ. 2015ರಿಂದ ಫೋಟೋ ಕೂಡ ಬಂತು. ಹಾಗಾಗಿ ಮನೆಯ ಹಿರಿಯರಿಗೆ ಹೆಸರು ಬಾಯಿಪಾಠ ಮಾಡಿಸಬೇಡಿ. ಚಿಹ್ನೆ ಮತ್ತು ಮುಖ ತೋರಿಸಿ, ಸಾಕು.

ಕೇರಳದ ಪಂಚಾಯತ್ ಚುನಾವಣೆಯ ಗೊಂದಲವೇ ಬೇರೆ. ಒಬ್ಬರಿಗೆ ಮೂರು ವೋಟು. ಯಂತ್ರದ ಮೇಲಿನ ಮತಪತ್ರದ ಬಣ್ಣ ಗ್ರಾಮ ಪಂಚಾಯತಿಗೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ತಿಳಿ ನೀಲಿ. ನಮ್ಮ ಬೂತಿನಲ್ಲಿ ದೊಡ್ಡಮ್ಮ ಮೊದಲನೆಯದನ್ನು ಒತ್ತಿ, ಬೀಪ್ ಕೇಳಿದ ಕೂಡಲೇ ಸೆರಗು ಸರಿ ಮಾಡಿಕೊಂಡು ಹೊರಗೆ ಹೊರಟರು. "ಅಮ್ಮೇ, ರಂಡು ವೋಟ್ ಕೂಡಿ ಉಂಡು" (ಅಮ್ಮಾ, ಇನ್ನೂ ಎರಡು ವೋಟು ಇದೆ) ಅಂತ ಒಳಗಿನಿಂದ ಕರೆದರು. ಮಲಯಾಳ ತಲೆಗೆ ಹೋಗಲಿಲ್ಲ, ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಹೇಳಿದ ಮೇಲೆ ವಾಪಸು ಹೋದರು. ಉಳಿದೆರಡನ್ನೂ ಒತ್ತಿದ ಮೇಲೆ ಉದ್ದ ಬೀಪ್ ಬಂತು. ಮೂರರಲ್ಲಿ ಯಾವುದಾದರೂ ಹಾಕದೆ ಬಿಡುವುದಿದ್ದರೆ ಎಂಡ್ ಬಟನ್ ಒತ್ತಬೇಕು, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇಂಥ ಬೂತಿಗೆ ಕನ್ನಡ ಬರುವವರೊಬ್ಬರನ್ನು ಹಾಕಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ವಿಧಾನಸಭೆ, ಲೋಕಸಭೆಗೆ ವಿವಿಪ್ಯಾಟ್ ಇದೆ, ಅಂದರೆ ಯಾರಿಗೆ ವೋಟು ಬಿತ್ತು ಅಂತ ಚೀಟಿ ಮುದ್ರಿಸಿ ತೋರಿಸುವ ಯಂತ್ರ, ಚೀಟಿ 7 ಸೆಕೆಂಡ್ ಕಾಣುತ್ತದೆ. ಅದು ನೋಡಲಿಕ್ಕೆ ಮಾತ್ರ, ತಿದ್ದಲಿಕ್ಕಲ್ಲ. ಒತ್ತಿದ್ದೊಂದು, ಚೀಟಿಯಲ್ಲಿ ಬಂದದ್ದೊಂದು ಆದರೆ ಅಲ್ಲೇ ದೂರು ಕೊಡಬಹುದು, ಬರೆದುಕೊಟ್ಟ ಮೇಲೆ ಪರೀಕ್ಷಾ ವೋಟು ಹಾಕಿಸುತ್ತಾರೆ. ದೂರು ಸುಳ್ಳಾದರೆ ಶಿಕ್ಷೆ ಇದೆ, ಸುಮ್ನೆ ಗಲಾಟೆ ಎಬ್ಬಿಸಬೇಡಿ.

ಈ ಎರಡು ಚುನಾವಣೆಗಳಲ್ಲಿ ಕಣ್ಣು ಕಾಣದವರು, ಕೈ ನಡುಗುವವರು 18 ತುಂಬಿದ ಒಬ್ಬರನ್ನು ಜೊತೆಗೆ ಒಳಗೆ ಕರೆದುಕೊಂಡು ಹೋಗಬಹುದು. ಓದಲು ಬರುವುದಿಲ್ಲ ಅನ್ನುವುದೊಂದೇ ಕಾರಣಕ್ಕೆ ಬಿಡುವುದಿಲ್ಲ. ಜೊತೆಗೆ ಹೋಗುವವರು ಬೂತಿನಲ್ಲಿ ಒಂದು ಫಾರಂ ತುಂಬಬೇಕು, ಒಬ್ಬರು ಒಬ್ಬರಿಗಷ್ಟೇ ಸಹಾಯ ಮಾಡಬಹುದು. ಅಜ್ಜ ಅಜ್ಜಿ ಇಬ್ಬರೂ ಇರುವ ಮನೆಯಾದರೆ ಮೊಮ್ಮಕ್ಕಳೂ ಇಬ್ಬರು ಬೇಕು.