ಕ್ವಿಗ್ಲಿ ಅವರ ಎರಡು ಪೇಪರ್‌ಗಳು

ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ರೋಗ) ಬಗ್ಗೆ ಓದಲು ಕೂತರೆ ಎಷ್ಟೋ ಪೇಪರ್‌ಗಳ ಮೊದಲ ಪ್ಯಾರಾದಲ್ಲೇ ಅಮೆರಿಕದ ಕಣ್ಣಿನ ತಜ್ಞ ಹ್ಯಾರಿ ಕ್ವಿಗ್ಲಿ ಸಿಗುತ್ತಾರೆ. 2006ರಲ್ಲಿ ಅವರು ಬ್ರೋಮನ್ ಜೊತೆ ಸೇರಿ ಒಂದು ಅಂದಾಜು ಕೊಟ್ಟರು: 2020ರ ಹೊತ್ತಿಗೆ ಜಗತ್ತಿನಲ್ಲಿ 7.96 ಕೋಟಿ ಜನರಿಗೆ ಗ್ಲಾಕೋಮಾ. ಪೀಠಿಕೆಗೆ ಇಂಥ ಅಂಕಿ ಎಲ್ಲರಿಗೂ ಬೇಕು. ಅದಕ್ಕೇ ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಸಾವಿರಗಟ್ಟಲೆ. ನನ್ನ ಥೀಸಿಸ್‌ನಲ್ಲೂ ಅದೇ ಇದೆ.

ನನಗೆ ಜಾಸ್ತಿ ಇಷ್ಟ ಮಾತ್ರ 1982ರ ಪೇಪರ್. ತೀರಿಕೊಂಡವರ ಕಣ್ಣಿನ ನರವನ್ನು ತೆಳುವಾಗಿ ಕತ್ತರಿಸಿ, ಮೈಕ್ರೋಸ್ಕೋಪಿನಡಿ ಎಳೆಗಳನ್ನು ಎಣಿಸಿದರು. ಬದುಕಿದ್ದಾಗಿನ ದೃಷ್ಟಿಕ್ಷೇತ್ರ ಪರೀಕ್ಷೆಗೆ (ನೇರ ನೋಡುತ್ತಿರುವಾಗ ಸುತ್ತ ಎಷ್ಟು ಕಾಣುತ್ತದೆ ಅನ್ನುವ ಪರೀಕ್ಷೆ) ಹೋಲಿಸಿದರು. ಕೆಲವರ ಪರೀಕ್ಷೆಯಲ್ಲಿ ದೋಷವೇ ಕಂಡಿರಲಿಲ್ಲ, ಎಳೆಗಳು ಆಗಲೇ ಸತ್ತಿದ್ದವು! ಒಂದು ನರದಲ್ಲಿ ಸುಮಾರು 10 ಲಕ್ಷ ಎಳೆಗಳಿರುತ್ತವೆ. ಆ ತಾಳ್ಮೆ ಎಚ್-ಇಂಡೆಕ್ಸ್‌ನಲ್ಲಿ (ಪೇಪರ್ ಮತ್ತು ಸೈಟೇಶನ್ ಲೆಕ್ಕದಿಂದ ಸಂಶೋಧಕರನ್ನು ಅಳೆಯುವ ಅಂಕಿ) ಕಾಣಲ್ಲ, ಅಲ್ವಾ? ಇವತ್ತು ವೈದ್ಯರು ದೃಷ್ಟಿಕ್ಷೇತ್ರದ ಜೊತೆಗೆ ನರವನ್ನೂ ಸ್ಕ್ಯಾನ್ ಮಾಡಿ ನೋಡುವುದರ ಹಿಂದೆ ಇಂಥ ಎಣಿಕೆಯಿದೆ.